ಹೇಂಟೆ ಕೊಡದ ಮನೆ

ಕರೋಶಿಯ ಮಾಯಪ್ಪ ಹುಂಜ ಕೊಡುತ್ತಿದ್ದ, ಹೇಂಟೆ ಕೊಡುತ್ತಿರಲಿಲ್ಲ. ಅಜ್ಜನ ಕಾಲದಿಂದ ಬಂದ ಕಟ್ಟಳೆ ಅದು. ಹುಂಜ ಹೋದರೆ ಒಂದು ಹಕ್ಕಿ ಹೋಯಿತು, ಹೇಂಟೆ ಹೋದರೆ ರಕ್ತವೇ ಹೊಸ್ತಿಲು ದಾಟಿತು. ಎಳೆ ಹೇಂಟೆಗಳು ಹೆಚ್ಚಾದರೆ ಕುತ್ತಿಗೆ ಮುರಿದು ಮನೆಯಲ್ಲೇ ಸಾರು ಮಾಡಿಸುತ್ತಿದ್ದ. ಹೆಂಡತಿ ಶೇವಂತಾಳ ತಮ್ಮ, ಬೇಡಕಿಹಾಳದ ನಾಮದೇವ, ಇಪ್ಪತ್ತು ವರ್ಷದ ಹಿಂದೆ ಒಂದು ಹೇಂಟೆ ಕೇಳಿ ಇಲ್ಲ ಅನ್ನಿಸಿಕೊಂಡವನು ಮತ್ತೆ ಈ ಅಂಗಳ ತುಳಿದಿರಲಿಲ್ಲ.

ಇವತ್ತು ಬಂದಿದ್ದ. ಕಂಕುಳಲ್ಲಿ ಅಸೀಲ ಜಾತಿಯ ಕರಿ ಕಾಳಗದ ಹುಂಜ, ಬೆನ್ನಹಿಂದೆ ಅಥಣಿಯ ಗಿರಾಕಿ ಲಕ್ಷ್ಮಣ.

"ಮಾಮಾ, ಈ ಹುಂಜ ನಿಮ್ಮ ರಕ್ತದ್ದು ಅಂದ್ರ ಇವರು ನಂಬವಲ್ರು. ನಿಮ್ಮ ಬಾಯಿಲೇನ ಹೇಳ್ರಿ."

"ನನ್ನ ಹುಂಜ ಯಾವದೋ ಊರ ಕೋಳಿಗೆ ಹುಟ್ಟಿಸಿದ್ದಿರಬೇಕು. ಅರ್ಧಾ ರಕ್ತ. ಸಂತ್ಯಾಗ ಮಾರ್ಕೋ."

"ತಾಯಿ ತಂದಿ ಎರಡೂ ನಿಮ್ಮವ."

"ನನ್ನ ಹೇಂಟೆ ಈ ಹೊಸ್ತಿಲಾ ದಾಟಿಲ್ಲ ಲೇ. ಸುಳ್ಳ ಹೇಳಾಕ ಇಷ್ಟ ದೂರ ಬಂದಿ?"

"ಹಕ್ಕಿ ಕೈಯಾಗ ಹಿಡದ್ರ ನಿಮಗ ಸುಳ್ಳ ಹೇಳಾಕ ಬರಾಂಗಿಲ್ಲ. ಅದಕ್ಕ ಬಂದೀನಿ. ನಿಮ್ಮ ಮಾರಿ ನೋಡಾಕಲ್ಲ."

ಮಾಯಪ್ಪ ಹುಂಜವನ್ನು ಕಸಿದುಕೊಂಡ. ಮೊದಲು ಹುಡುಕಿದ್ದು ಐಬು. ಕಣ್ಣು ಮುತ್ತಿನ ಬಿಳುಪು, ಕಾಲಿನ ಹುರುಪೆ ಒತ್ತಾಗಿ ಕೂತಿತ್ತು, ಜುಟ್ಟು ಗಿಡ್ಡ. ಇವೆಲ್ಲ ಬೇರೆ ಮನೆಯ ಹಕ್ಕಿಗೂ ಇರುತ್ತವೆ. ಎಡರೆಕ್ಕೆ ಎತ್ತಿ ಬುಡ ನೋಡಿದ. ಕರಿ ಗರಿಗಳ ನಡುವೆ ಎರಡು ಬಿಳಿ ಗರಿ. ಅರ್ಧ ರಕ್ತದ್ದರಲ್ಲಿ ಅದು ಎಂದೂ ಬಂದಿರಲಿಲ್ಲ. ಆ ಗುರುತನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಯಾವ ಹೇಂಟೆ? ಮನಸ್ಸಿನಲ್ಲೇ ಒಂದೊಂದನ್ನೂ ಕರೆದು ನೋಡಿದ. ಎಲ್ಲವೂ ಇಲ್ಲೇ ಸತ್ತಿದ್ದವು, ಇಲ್ಲವೇ ಇಲ್ಲೇ ಇದ್ದವು. ತಲೆಯೆತ್ತಿದರೆ ಬಾಗಿಲಲ್ಲಿ ಶೇವಂತಾ. ಅವಳು ಕಣ್ಣು ತಗ್ಗಿಸಲಿಲ್ಲ.

"ತಮ್ಮಗ ತತ್ತಿ ಕೊಟ್ಟೀನಿ," ಎಂದಳು. "ಐದ ವರ್ಷ ಆತು. ಜ್ವಾಳದ ಬುಟ್ಟ್ಯಾಗಿಟ್ಟು ಕಳಿಸೀನಿ. ಆವತ್ತ ಒಂದ ದಿನಕ್ಕ ಏಳು ಕುತ್ತಿಗಿ ಮುರದಿದ್ರಿ. ಅಡಗಿ ಮಾಡಿದಾಕಿ ನಾನು. ಆ ಸಾರು ಇನ್ನೂ ಗಂಟಲದಾಗ ಐತಿ."

ಮೂರು ತಲೆಮಾರು ಹೇಂಟೆಯನ್ನು ಕಾದಿದ್ದರು. ತತ್ತಿಯನ್ನು ಕಾಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಏನಂತೀರಿ ಕಾಕಾ?" ಎಂದ ಲಕ್ಷ್ಮಣ.

ಅಲ್ಲ ಎಂದರೆ ಮುಗಿಯುತ್ತಿತ್ತು. ಚಿಕ್ಕೋಡಿಯಿಂದ ಕಾಗವಾಡದವರೆಗೆ ಅವನ ಮಾತನ್ನು ಮೀರಿ ಹುಂಜ ಕೊಳ್ಳುವವರಿರಲಿಲ್ಲ. ನಾಮದೇವನ ಗೂಡು ಖಾನಾವಳಿಯ ಪಾಲಾಗುತ್ತಿತ್ತು, ರಕ್ತ ಮತ್ತೆ ಈ ಮನೆಯೊಂದರದೇ ಆಗುತ್ತಿತ್ತು. ರೆಕ್ಕೆಯ ಬುಡದಲ್ಲಿ ಬೆರಳು ಇನ್ನೂ ಇತ್ತು.

"ನನ್ನದ," ಎಂದ ಮಾಯಪ್ಪ. "ಪೂರಾ ನನ್ನದ. ಸಾಕಿದಾಂವ ದಡ್ಡ. ಎದಿ ಮ್ಯಾಗ ಕೊಬ್ಬು ಏರಿಸ್ಯಾನ."

ಲಕ್ಷ್ಮಣ ಹುಂಜ ತೆಗೆದುಕೊಂಡು ಗಾಡಿಯ ಕಡೆ ನಡೆದ. ನಾಮದೇವನೂ ತಿರುಗಿದ.

"ನಿಂದರ," ಎಂದ ಮಾಯಪ್ಪ. "ಹೇಂಟೆ ಎಷ್ಟ ಅದಾವ?"

"ಹದಿನಾಕು."

"ಅವಕ್ಕ ಯಾವ ಹುಂಜ ಬಿಡ್ತಿ?"

"ನಿಪ್ಪಾಣಿಯಿಂದ ಒಂದ ಕೆಂಪು ತಂದೀನಿ."

ಬೇರೆ ರಕ್ತ. ಮಾಯಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಇವತ್ತ ಅದನ್ನ ಬ್ಯಾರೆ ಕಟ್ಟು. ನಾಳೆ ಮುಂಜಾನೆ ಬರ್ತೀನಿ. ಯಾವ ಹೇಂಟೆ ಇಡೂದು, ಯಾವುದು ಕೊಯ್ಯೂದು ನಾ ಹೇಳ್ತೀನಿ. ನಿನ್ನ ಮನ್ಯಾಗ ನೀರ ಸೈತ ಕುಡಿಯಾಂಗಿಲ್ಲ."

"ಕೊಡಾಂವ ಯಾರು?" ಎಂದ ನಾಮದೇವ.