ಮಾನಮ್ಮನ ಉತ್ತರ

ಶಿಕ್ಷಕಿ ಗುಲ್ಶನ್ ಬೇಗಂಗೆ ಸರ್ಕಾರದಿಂದ ಮೊದಲೇ ತಾಕೀತಾಗಿತ್ತು. ತರಗತಿಯಲ್ಲಿ ಉರ್ದು ಬಿಟ್ಟು ಬೇರೆ ಮಾತು ಕೇಳಿಬಂದರೆ ನೌಕರಿಗೆ ಸಂಚಕಾರ. ಆದರೂ ದೇವದುರ್ಗದ ಆ ಹುಡುಗಿಯರ ಶಾಲೆಯಲ್ಲಿ ಆಕೆ ತನ್ನದೇ ರೀತಿಯಲ್ಲಿ ಪಾಠ ನಡೆಸಿದ್ದಳು. ಉರ್ದು ಮನೆಮಾತಿನ ಜಾಹೆದಾ ‘ಚಾಂದ್’ ಅಂದರೆ ಕೂಲಿಯವರ ಮಗಳು ಮಾನಮ್ಮ ಕನ್ನಡದಲ್ಲಿ ‘ಚಂದ್ರಾಮ’ ಅನ್ನಬೇಕು, ನೇಕಾರರ ಹುಡುಗಿ ತೆಲುಗಿನಲ್ಲಿ ‘ಚಂದಮಾಮ’ ಅನ್ನಬೇಕು. ಆಮೇಲೆ ಮೂರನ್ನೂ ಎಲ್ಲರೂ ಹೇಳಬೇಕು. ಶಾಲೆಗೆ ಸೇರಿದಾಗಿನಿಂದ ಬಾಯಿಬಿಡದಿದ್ದ ಮಾನಮ್ಮ ಈ ಆಟದಲ್ಲೇ ಮಾತು ಕಲಿತಳು.

೧೯೪೬ರ ಒಂದು ಬೆಳಿಗ್ಗೆ ರಾಯಚೂರಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಹೇಳದೆ ಕೇಳದೆ ಬಂದಿಳಿದರು. ಹುಡುಗಿಯರೆಲ್ಲ ಎದ್ದು ನಿಂತರು. ಅವರ ಬೆತ್ತ ಮಾನಮ್ಮನ ಕಡೆ ತಿರುಗಿತು.

“ಆಫ್ತಾಬ್ ಕಿಧರ್ ಸೇ ನಿಕಲ್ತಾ ಹೈ?”

‘ಸೂರಜ್’ ಎಂದಿದ್ದರೆ ಅವಳಿಗೆ ತಿಳಿಯುತ್ತಿತ್ತು. ‘ಆಫ್ತಾಬ್’ ಎಂಬುದನ್ನು ಅವಳು ಕೇಳಿಯೇ ಇರಲಿಲ್ಲ. ಗುಲ್ಶನ್ ಬೇಗಂ ಹೇಳಿಕೊಡೋಣವೆಂದರೆ ಸಾಹೇಬರ ಕಣ್ಣು ಆಕೆಯ ಮೇಲೆಯೇ ಇತ್ತು.

ಇಂಥ ದಡ್ಡಿಯ ಹೆಸರು ತೆಗೆದುಹಾಕಿ ಮನೆಗೆ ಕಳಿಸಿ ಎಂದು ಸಾಹೇಬರು ಉರ್ದುವಿನಲ್ಲಿ ಗದರಿದರು.

ಪಕ್ಕದಲ್ಲಿದ್ದ ಜಾಹೆದಾಗೆ ತಡೆಯಲಾಗಲಿಲ್ಲ. “ಮಾನೀ, ಸೂರ್ಯ ಯಾವ ಕಡಿಂದ ಹುಟ್ತಾನಂತ ಕೇಳಾಕತ್ತಾರ, ಹೇಳ ಬೇ!” ಎಂದು ಕೂಗಿಯೇಬಿಟ್ಟಳು.

“ಪೂರಬ್ ಸೇ, ಸಾಬ್!” ಮಾನಮ್ಮ ಥಟ್ಟನೆ ಅಂದಳು.

ಸಾಹೇಬರು ಜಾಹೆದಾಳತ್ತ ಬೆತ್ತ ಎತ್ತಿದರು. “ಇಲ್ಲಿ ಕನ್ನಡ ಕಲಿಸಿದವರು ಯಾರು?”

ಹುಡುಗಿಯರು ಬೀದಿಯಲ್ಲಿ ಕಲಿತದ್ದು ಎನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಆದರೆ ಜಾಹೆದಾಳ ಬಿಳಿಚಿದ ಮುಖ ನೋಡಿ ಗುಲ್ಶನ್ ಬೇಗಂ ಸಾಹೇಬರಿಗೂ ಅವಳಿಗೂ ನಡುವೆ ಬಂದು ನಿಂತಳು.

“ನಾನೇ. ಪ್ರಶ್ನೆ ತಿಳಿದ ಮೇಲೆ ಕೂಸು ಉರ್ದುವಿನಲ್ಲೇ ಉತ್ತರ ಕೊಟ್ಟಿತಲ್ಲ, ಸಾಹೇಬರೇ.”

ಸಾಹೇಬರು ಬೆತ್ತ ಇಳಿಸಿದರು. ತಂದಿಟ್ಟ ಚಹಾ ಮುಟ್ಟದೆ ಹೊರಟುಹೋದರು. ಮುಂದಿನ ವಾರ ಆಕೆಗೆ ಮಾನ್ವಿಗೆ ವರ್ಗವಾಯಿತು. ಮಾನಮ್ಮನ ಹೆಸರು ಮಾತ್ರ ಶಾಲೆಯಲ್ಲಿ ಉಳಿಯಿತು.

ಆಕೆ ಹೊರಡುವ ದಿನ ಬಸ್ಸಿನ ಬಳಿಗೆ ಮಾನಮ್ಮನ ಜೊತೆ ಬಂದ ಜಾಹೆದಾ ಬಿಕ್ಕಿಬಿಕ್ಕಿ ಅತ್ತಳು. “ನನ್ನಿಂದಾನ ಹಿಂಗಾತು, ಉಸ್ತಾನೀಜಿ. ನಾ ಬಾಯಿ ಮುಚ್ಕೊಂಡಿದ್ರ…”

ಮಾನಮ್ಮನಿಗೂ ತಿಳಿಯಲೆಂದು ಗುಲ್ಶನ್ ಬೇಗಂ ಕನ್ನಡದಲ್ಲೇ ಅಂದಳು: “ಮುಚ್ಕೊಂಡಿದ್ರ ಇವತ್ತು ಇಕಿ ಹೊಲದಾಗ ಕಳಿ ಕೀಳಾಕ ಹೋಗ್ತಿದ್ಲು, ಬೇಟಿ. ನಾಳಿಂದ ಇಬ್ಬರೂ ಒತ್ತಿಗೇ ಕುಂದರ್ರಿ. ಹೊಸಾ ಉಸ್ತಾನಿ ಹೇಳಿದ್ದು ಇಕಿಗೆ ತಿಳೀಲಿಲ್ಲಂದ್ರ ಹೇಳಿಕೊಡು. ಆದರ ಅಷ್ಟು ಜೋರಾಗಿ ಒದರಬ್ಯಾಡ!”

ಅಳುತ್ತಿದ್ದ ಹುಡುಗಿಗೆ ನಗು ಬಂತು. ಬಸ್ಸು ಮಾನ್ವಿಯ ದಾರಿ ಹಿಡಿಯಿತು.