ಸಭೆ ಹಾಡದ ಸಾವು

ವಾಸ್ಸಳ ಮನೆಯಲ್ಲಿ ಊಟಕ್ಕೆ ಎರಡು ಮೇಜು. ಒಲೆಯ ಪಕ್ಕದ ದೊಡ್ಡ ಮೇಜಿನಲ್ಲಿ ಅವಳ ಗಂಡ ಪಾರ್ಫೆನ್, ಇಬ್ಬರು ಮೊಮ್ಮಕ್ಕಳು. ಮೂಲೆಯಲ್ಲಿ ತಾಮ್ರದ ಶಿಲುಬೆಯ ಕೆಳಗಿನ ಸಣ್ಣ ಮೇಜಿನಲ್ಲಿ ವಾಸ್ಸ ಮತ್ತು ಅವಳ ಅತ್ತೆ ದೋಮ್ನ. ಎಲೆಕೋಸಿನ ಸಾರು, ಕಪ್ಪು ರೊಟ್ಟಿ ಎಲ್ಲ ಒಂದೇ ಒಲೆಯದು. ಬಟ್ಟಲು, ಮರದ ಚಮಚ ಮಾತ್ರ ಬೇರೆ. ಅತ್ತೆ ಸೊಸೆ ಇಬ್ಬರೂ ಸಭೆಗೆ ಸೇರಿದವರು. ಕಾಮಾ ನದಿಯ ದಡದ ನಮ್ಮ ಹಳೇ ಕ್ರೈಸ್ತ ನಂಬಿಕೆಯ ಊರುಗಳಲ್ಲಿ ಪಾದ್ರಿಗಳಿಲ್ಲ. ವಯಸ್ಸಾದ ಮೇಲೆ ಸಭೆಗೆ ಸೇರಿದವರೇ ಪ್ರಾರ್ಥನೆ ಹಾಡುತ್ತಾರೆ, ಸತ್ತವರನ್ನು ಹಾಡಿ ಕಳಿಸಿಕೊಡುತ್ತಾರೆ. ಅವರು ಸಭೆಗೆ ಸೇರದವರ ಜೊತೆ ಉಣ್ಣುವ ಹಾಗಿಲ್ಲ. ಕಟ್ಟಿಕೊಂಡ ಗಂಡನಾಗಲಿ, ಹೆತ್ತ ಮಗನಾಗಲಿ, ಅವನು ಲೋಕದವನು.

"ಹನ್ನೆರಡು ವರ್ಷ ಆಯ್ತು, ನನ್ನ ಬಟ್ಟಲು ಮುಟ್ಟಿದ್ರೆ ನನ್ನ ಹೆಂಡ್ತಿ ಮೂರು ಸಲ ಕೈ ತೊಳೀತಾಳೆ," ಎಂದು ಪಾರ್ಫೆನ್ ನಗುತ್ತಿದ್ದ. ಅವನು ಸರ್ಕಾರಿ ಸಾಮೂಹಿಕ ಜಮೀನಿನಲ್ಲಿ ಟ್ರ್ಯಾಕ್ಟರ್ ಓಡಿಸುವವನು. "ಟ್ರ್ಯಾಕ್ಟರಿಗಿಂತ ನಾನೇ ಜಿಡ್ಡು."

"ತಂಬಾಕು ಬಿಟ್ಟು ನೀನೂ ಸಭೆಗೆ ಸೇರೋ ಮಗಾ," ಎನ್ನುತ್ತಿದ್ದಳು ದೋಮ್ನ.

"ಸೇರ್ತೀನವ್ವ, ಸಾಯೋಕೆ ಒಂದು ವಾರ ಮುಂಚೆ."

ಎಲ್ಲರೂ ನಗುತ್ತಿದ್ದರು. ಒಂದೇ ಸೂರಿನ ಕೆಳಗೆ ಗಂಡ ಅಲ್ಲಿ, ಹೆಂಡತಿ ಇಲ್ಲಿ ಕೂತು ಉಣ್ಣುವುದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ವಾಸ್ಸಳಿಗಂತೂ ಇಲ್ಲವೇ ಇಲ್ಲ. ಕಟ್ಟಳೆಯಲ್ಲಿ ಅವಳು ಕೂದಲೆಳೆಯಷ್ಟೂ ತಪ್ಪಿದವಳಲ್ಲ.

ಆ ವರ್ಷ ಹುಲ್ಲು ಕೊಯ್ಯುವ ಕಾಲದಲ್ಲಿ, ಎಂಬತ್ತರ ಹತ್ತಿರದ ದೋಮ್ನ ಹುಲ್ಲು ಗುಡ್ಡೆ ಹಾಕುತ್ತಿದ್ದಾಗ ಎಚ್ಚರ ತಪ್ಪಿ ಬಿದ್ದಳು. ಪಾರ್ಫೆನ್ ಅವಳನ್ನು ಟ್ರೇಲರಿನಲ್ಲಿ ಮಲಗಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಓಡಿದ. ಹನ್ನೆರಡು ದಿನ ನರ್ಸುಗಳು ಅಲ್ಯೂಮಿನಿಯಂ ಚಮಚದಲ್ಲಿ ಗಂಜಿ ಕುಡಿಸಿದರು. "ಗುಂಡಿಗೆ ಸೋತಿದೆ. ಬಗ್ಗೋದು ಏಳೋದು ಏನೂ ಬೇಡ," ಎಂದು ಹೇಳಿ ಡಾಕ್ಟರು ಮಾತ್ರೆ ಕೊಟ್ಟು ಕಳಿಸಿದರು.

ಮುದುಕಿ ಮನೆಗೆ ಬಂದ ದಿನ ವಾಸ್ಸ ಏನು ಮಾಡಿದಳು ಗೊತ್ತೇ? ಅತ್ತೆಯ ಬಟ್ಟಲನ್ನು ಮೂಲೆಯ ಮೇಜಿನಿಂದ ತೆಗೆದು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟಳು. ಯಾರೂ ಹೇಳಿರಲಿಲ್ಲ, ತಾನಾಗಿಯೇ ಇಟ್ಟಳು. ಲೋಕದವರ ಚಮಚದಲ್ಲಿ ಉಂಡು ಅತ್ತೆಗೆ ಲೋಕ ಸೋಕಿತ್ತಲ್ಲ!

"ಸರಿಯಾಗೇ ಮಾಡ್ದೆ ಕಣೇ," ಎಂದಳು ದೋಮ್ನ, ಮೊಣಕಾಲು ಹಿಡಿದು ಸ್ಟೂಲಿನ ಪಕ್ಕ ಕೂರುತ್ತ.

ಪಕ್ಕದ ಮನೆಯ ಫೆತೀನ್ಯ ಬೇಲಿಯಾಚೆಯಿಂದಲೇ ಕೂಗಿದಳು. ಸಭೆಯಲ್ಲಿ ಅವಳದೇ ದೊಡ್ಡ ಬಾಯಿ. "ಆಸ್ಪತ್ರೆ ಗಂಜಿ ಹೇಗಿತ್ತು ದೋಮ್ನಕ್ಕ? ಅಂಗಡಿ ಸಕ್ಕರೆ ಹಾಕಿದ್ರಾ? ಇನ್ಮೇಲೆ ನಮ್ಮ ರೊಟ್ಟಿ ರುಚಿಸುತ್ತೋ ಇಲ್ವೋ!"

ಲೋಕ ಸೋಕಿದವರಿಗೆ ನಲವತ್ತು ದಿನದ ಶುದ್ಧಿ. ಒಣ ರೊಟ್ಟಿ, ನೀರು. ದಿನಕ್ಕೆ ನೂರು ಸಲ ಹಣೆ ನೆಲಕ್ಕೆ ಮುಟ್ಟುವ ಹಾಗೆ ಅಡ್ಡಬೀಳಬೇಕು. ಅದು ಮುಗಿಯುವ ಮೊದಲೇ ಸತ್ತರೆ ಸಭೆ ಹಾಡುವುದಿಲ್ಲ. ದೋಮ್ನಳಿಗೆ ಸಾವಿನ ಭಯವಿರಲಿಲ್ಲ, ಈ ಒಂದು ಭಯವಿತ್ತು. ಮೂವತ್ತು ವರ್ಷ ಊರಿನ ಹೆಣಗಳಿಗೆಲ್ಲ ಹಾಡಿದವಳು ಅವಳು. ತಾನು ಮಾತ್ರ ಹಾಡಿಲ್ಲದೆ ಮಣ್ಣಿಗೆ ಹೋಗಬೇಕೇ?

ಮಾತ್ರೆಗಳನ್ನು ಒಲೆಗೆ ಹಾಕಿದಳು. "ಅದನ್ನ ನುಂಗಿದ್ರೆ ಮತ್ತೆ ಮೊದಲಿಂದ ಎಣಿಸ್ಬೇಕಾಗುತ್ತೆ." ಹಣೆ ಊರಲು ಸಣ್ಣ ಮೆತ್ತೆ ಹಾಸಿಕೊಂಡು ಅಡ್ಡಬೀಳತೊಡಗಿದಳು. ವಾಸ್ಸ ಪಕ್ಕದಲ್ಲಿ ನಿಂತು ಚರ್ಮದ ಜಪಪಟ್ಟಿಯ ಮೇಲೆ ಎಣಿಸಿದಳು.

ಎರಡನೇ ವಾರಕ್ಕೆ ಮುದುಕಿ ಅರ್ಧಕ್ಕೇ ಏದುಸಿರು ಬಿಡುತ್ತಿದ್ದಳು. ತುಟಿ ನೀಲಿಯಾಗುತ್ತಿತ್ತು.

"ಸಾಕು ಅತ್ತೆ, ಇವತ್ತಿಗೆ ಸಾಕು."

"ಸಾಕಂತೆ! ಇನ್ನೂ ಅರವತ್ತು ಉಳ್ಕೊಂಡಿದೆ. ಕಂಕುಳಿಗೆ ಕೈ ಹಾಕು, ನನ್ನ ಬಗ್ಗಿಸು."

ವಾಸ್ಸ ಕೈ ಹಾಕಿ ಬಗ್ಗಿಸಿದಳು, ಎತ್ತಿದಳು, ಮತ್ತೆ ಬಗ್ಗಿಸಿದಳು. ಅಂಗೈಯ ಕೆಳಗೆ ಮುದುಕಿಯ ಎದೆ ಅಡ್ಡಾದಿಡ್ಡಿ ಹೊಡೆದುಕೊಳ್ಳುತ್ತಿತ್ತು. "ಕರ್ತನೇ, ಕನಿಕರಿಸು," ಎಂದು ಬಾಯಿ ಹೇಳುತ್ತಲೇ ಇತ್ತು. ಇಷ್ಟು ವರ್ಷ ಆ ಮಾತು ಹೇಳಿದಾಗೆಲ್ಲ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಅವತ್ತು ಗೋಡೆಗೆ ಹೇಳಿದ ಹಾಗಾಯಿತು. ವಾಸ್ಸಳಿಗೆ ಹೆದರಿಕೆಯಾಯಿತು. ಮಾರನೆಯ ದಿನ ಒಬ್ಬಳೇ ನಿಂತು ಎರಡು ಬೆರಳು ಸೇರಿಸಿ ಶಿಲುಬೆಯ ಗುರುತು ಮಾಡಿಕೊಂಡು ಮತ್ತೆ ಹೇಳಿ ನೋಡಿದಳು. ಗೋಡೆಯೇ.

ಅವಳು ಸಭೆಯ ಹಿರಿಯ ಸವ್ವಾತಿಯ ಮನೆಗೆ ಹೋದಳು. ಅವನು ಜೇನುಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ಕೆಟ್ಟವನಲ್ಲ ಸವ್ವಾತಿ. ಬರಗಾಲದಲ್ಲಿ ತನ್ನ ಪಾಲಿನ ಹಿಟ್ಟನ್ನು ನೆರೆಮನೆಗೆ ಕೊಟ್ಟು ಉಪವಾಸವಿದ್ದವನು.

"ಅಜ್ಜಾ, ಅತ್ತೆಗೆ ಆಗ್ತಿಲ್ಲ. ನಿಲ್ಲಿಸಿಬಿಡಿ."

"ಕಟ್ಟಳೆ ನಾನು ಮಾಡಿದ್ದೇನಮ್ಮ, ನಿಲ್ಲಿಸೋಕೆ? ಇದನ್ನ ಬಿಡೋದಿಲ್ಲ ಅಂತ ನಮ್ಮ ಹಿರಿಯರು ಜೀವಂತ ಬೆಂಕಿಗೆ ಬಿದ್ರು. ನೀನು ನೂರು ಸಲ ಬಗ್ಗೋದಕ್ಕೆ ಅಳ್ತೀಯಾ?"

"ಅವರಿಗೆ ಎಚ್ಚರವೇ ಇರಲಿಲ್ಲ! ಬಾಯಿಗೆ ಚಮಚ ಇಟ್ಟಿದ್ದು ನರ್ಸು. ತಪ್ಪು ಯಾರದು?"

"ಗೊತ್ತಿಲ್ದೆ ಕೆಸರಲ್ಲಿ ಬಿದ್ರೂ ಸ್ನಾನ ಮಾಡ್ಲೇಬೇಕಲ್ವಾ?"

"ಏಸು, ಎಲ್ಲರೂ ಪಾಪಿಗಳು ಅಂತಿದ್ದ ಸುಂಕದವರ ಮನೇಲಿ ಕೂತು ಉಂಡನಲ್ಲ ಅಜ್ಜಾ. ಅವನು ನಮ್ಮೂರಿಗೆ ಬಂದಿದ್ರೆ ಎಷ್ಟು ಅಡ್ಡಬೀಳಿಸ್ತಿದ್ರಿ?"

ಸವ್ವಾತಿಯ ಸುತ್ತಿಗೆ ನಿಂತಿತು. "ಅಂಥ ಮಾತು ಬಾಯಲ್ಲಿ ಬರಬಾರದು. ಮನೆಗೆ ಹೋಗು. ಎಣಿಸೋದು ನಿನ್ನ ಕೆಲಸ, ಎಣಿಸು."

ಮನೆಗೆ ಬಂದು ಜೀವಮಾನದಲ್ಲೇ ಮೊದಲ ಸಲ ಅತ್ತೆಗೆ ಸುಳ್ಳು ಹೇಳಿದಳು. "ಅಜ್ಜ ಬಿಟ್ಟುಕೊಟ್ರು. ಇನ್ನು ಅಡ್ಡಬೀಳೋದು ಬೇಡವಂತೆ."

ದೋಮ್ನ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಸವ್ವಾತಿನಾ? ಅವನನ್ನ ಚಿಕ್ಕ ಹುಡುಗನಾಗಿದ್ದಾಗಿಂದ ನೋಡಿದೀನಿ. ಒಳ್ಳೆ ಹುಡುಗಿ ಕಣೇ ನೀನು. ಬಾ, ಹಿಡ್ಕೋ."

ಇಪ್ಪತ್ತಾರನೇ ದಿನ ಬೆಳಿಗ್ಗೆ ವಾಸ್ಸ ಎಪ್ಪತ್ತೊಂದು ಎಂದು ಎಣಿಸಿದಳು. ಹಣೆ ನೆಲಕ್ಕಿಟ್ಟ ಅತ್ತೆ ಸುಧಾರಿಸಿಕೊಳ್ಳಲಿ ಎಂದು ಕಾದಳು. ಹೊರಗೆ ಮೊಮ್ಮಕ್ಕಳು ಕೋಳಿ ಅಟ್ಟುತ್ತಿದ್ದರು. ಕಾದಳು, ಕಾದಳು. ಆಮೇಲೆ ಮುಟ್ಟಿ ನೋಡಿದಳು.

ಅಯ್ಯೋ, ಇದನ್ನು ಬರೆಯುವಾಗಲೂ ನನ್ನ ಹೊಟ್ಟೆ ಉರಿಯುತ್ತದೆ. ಆ ಮುದುಕಿಯನ್ನು ಕೊಂದವರು ಯಾರು? ಕೊಲ್ಲಬೇಕೆಂದು ಬಯಸಿದವರು ಒಬ್ಬರೂ ಇರಲಿಲ್ಲ. ಎಲ್ಲರೂ ಅವಳನ್ನು ಪ್ರೀತಿಸುತ್ತಿದ್ದರು.

ಮೂರನೇ ದಿನ ಶವಪೆಟ್ಟಿಗೆಯನ್ನು ಅಂಗಳಕ್ಕೆ ತಂದಿಟ್ಟರು. ಸಭೆಯವರೆಲ್ಲ ಬಂದು ಬೇಲಿಯ ಹತ್ತಿರ ನಿಂತರು. ಅಳುತ್ತಿದ್ದರು, ಆದರೆ ಯಾರೂ ಬಾಯಿ ತೆರೆದು ಹಾಡಲಿಲ್ಲ.

ಪಾರ್ಫೆನ್ ಟೋಪಿ ತೆಗೆದು ಸವ್ವಾತಿಯ ಮುಂದೆ ನಿಂತ. "ಅಜ್ಜಾ, ನಿಮ್ಮ ಹೆಂಡ್ತಿಗೆ ಹಾಡಿದ್ದು ನಮ್ಮವ್ವ."

"ಹೌದಪ್ಪ, ಹಾಡಿದ್ಳು," ಎಂದ ಸವ್ವಾತಿ. ಅವನ ಗಡ್ಡ ಒದ್ದೆಯಾಗಿತ್ತು. "ಏನು ಮಾಡ್ಲಿ? ಹದಿನಾಲ್ಕು ದಿನ ಉಳಿದುಬಿಡ್ತು."

ವಾಸ್ಸ ಶವಪೆಟ್ಟಿಗೆಯ ತಲೆಯ ಕಡೆ ಹೋಗಿ ನಿಂತು ಹಾಡತೊಡಗಿದಳು. ಆ ಹಾಡುಗಳನ್ನು ಅವಳಿಗೆ ಕಲಿಸಿದವಳು ದೋಮ್ನಳೇ. ಮೊದಲ ಸಾಲು ಮೆಲ್ಲಗೆ ಹೊರಟಿತು. ಆಮೇಲೆ ಸ್ವರ ಗಟ್ಟಿಯಾಯಿತು. "ವಾಸ್ಸಾ, ನಿಲ್ಲಿಸು!" ಎಂದು ಸವ್ವಾತಿ ಎರಡು ಸಲ ಹೇಳಿದ. ಅವಳು ನಿಲ್ಲಿಸಲಿಲ್ಲ. ಸತ್ತವರಿಗೆ ಹಾಡಬೇಕಾದ್ದನ್ನೆಲ್ಲ, ಒಂದು ಸಾಲೂ ಬಿಡದೆ, ಒಬ್ಬಳೇ ಹಾಡಿ ಮುಗಿಸಿದಳು.

ಮಣ್ಣು ಮಾಡಿ ಬಂದ ಮೇಲೆ ಸವ್ವಾತಿ ಅವಳನ್ನು ಬಾಗಿಲಲ್ಲೇ ತಡೆದ. "ಇವತ್ತಿಂದ ನಿನಗೂ ನಲವತ್ತು ದಿನ."

"ಇಲ್ಲ ಅಜ್ಜಾ. ನಾನು ಬಗ್ಗೋದಿಲ್ಲ. ಇನ್ನೊಬ್ಬರನ್ನ ಬಗ್ಗಿಸೋದೂ ಇಲ್ಲ."

"ನಿನಗೆ ನಂಬಿಕೆ ಇದೆಯೇನೇ?"

"ಇಲ್ಲ ಅನ್ಸುತ್ತೆ ಅಜ್ಜಾ."

"ಮತ್ತೆ ಯಾರಿಗೆ ಹಾಡ್ದೆ?"

"ಅತ್ತೆಗೆ. ಅವರಿಗೆ ಇತ್ತಲ್ಲ."

ಸವ್ವಾತಿ ಕೋಲೂರಿಕೊಂಡು ಹೊರಟ. ಉಳಿದವರೂ ತಲೆ ತಗ್ಗಿಸಿ ಅವನ ಹಿಂದೆ ಹೋದರು. ಫೆತೀನ್ಯ ಮಾತ್ರ ಬೇಲಿಯ ಹತ್ತಿರ ಲಂಗದ ಅಂಚಿಗೆ ಅಂಟಿದ ಹುಲ್ಲು ಕೀಳುವ ನೆಪದಲ್ಲಿ ಹಿಂದುಳಿದಳು. ಎಲ್ಲರೂ ತಿರುವಿನಲ್ಲಿ ಮರೆಯಾದ ಮೇಲೆ ಹತ್ತಿರ ಬಂದಳು. ಆ ದೊಡ್ಡ ಬಾಯಿಯಿಂದ ಇಷ್ಟು ಸಣ್ಣ ದನಿ ವಾಸ್ಸ ಎಂದೂ ಕೇಳಿರಲಿಲ್ಲ.

"ವಾಸ್ಸಾ, ಆರು ವರ್ಷದಿಂದ ನಾನು ಕದ್ದು ಆಸ್ಪತ್ರೆ ಮಾತ್ರೆ ನುಂಗ್ತಿದೀನಿ. ಯಾರಿಗೂ ಗೊತ್ತಿಲ್ಲ." ಅವಳು ವಾಸ್ಸಳ ತೋಳು ಹಿಡಿದಳು. "ನನಗೂ ಹಾಡ್ತೀಯೇನೇ?"