ಕ್ರೇನ್ ಅಕ್ಕನ ನಿದ್ದೆ

ಕಂಟೇನರ್ ಅಂಗಳದಲ್ಲಿ ಎಲ್ಲರೂ ಅವಳನ್ನು ಕ್ರೇನ್ ಅಕ್ಕ ಅನ್ನುತ್ತಿದ್ದರು. ಮದುವೆಯಾದಾಗಿನಿಂದ ರಾತ್ರಿ ಪಾಳಿಯಲ್ಲೇ ಕ್ರೇನ್ ನಡೆಸಿದವಳು. ಒಂದು ದಿನ ಪಾಳಿ ಮುಗಿಸಿ ಇಳಿಯುವಾಗ ಕ್ಯಾಬಿನ್ನಿನ ಕಬ್ಬಿಣದ ಮುಚ್ಚಳ ನೆತ್ತಿಗೆ ಬಡಿಯಿತು. ರಕ್ತ ಬರಲಿಲ್ಲ, ಮೂಳೆ ಮುರಿಯಲಿಲ್ಲ. ಆದರೆ ಒಳಗೆ ಮಿದುಳು ಅಲುಗಿತ್ತು. ಕತ್ತು ಹೊರಳಿಸಿದರೆ ಗೋಡೆ ತೇಲುತ್ತಿತ್ತು. ಚಮಚ ತಟ್ಟೆಗೆ ತಗುಲಿದರೂ ತಲೆ ಸಿಡಿಯುತ್ತಿತ್ತು.

ಡಾಕ್ಟರು ಹೇಳಿದ್ದು ಸರಳವಾಗಿತ್ತು. ಒಂದೆರಡು ದಿನ ವಿಶ್ರಾಂತಿ, ಆಮೇಲೆ ಸಣ್ಣಪುಟ್ಟ ಓಡಾಟ. ಮುಖ್ಯವಾದದ್ದು ನಿದ್ದೆ: ದಿನವೂ ಒಂದೇ ಹೊತ್ತಿಗೆ ಮಲಗಬೇಕು, ಒಂದೇ ಹೊತ್ತಿಗೆ ಏಳಬೇಕು, ಎದ್ದ ಕೂಡಲೇ ಹೊರಗೆ ಬೆಳಕಿನಲ್ಲಿ ನಡೆಯಬೇಕು.

ಮನೆಯವರು ಚಾಚೂ ತಪ್ಪದೆ ಪಾಲಿಸಿದರು, ತಮ್ಮ ಪದ್ಧತಿಯಂತೆ. ಆ ಮನೆಯಲ್ಲಿ ಹಗಲೆಂದರೆ ಅವಳು ಮಲಗುವ ಹೊತ್ತು. ಅತ್ತೆ ಕಿಟಕಿಗೆ ಪರದೆಯ ಮೇಲೆ ಪರದೆ ಎಳೆದರು, ಕರೆಗಂಟೆಯ ತಂತಿ ಕಿತ್ತರು, ತರಕಾರಿಯವನ ಜೊತೆ ಕೈಸನ್ನೆಯಲ್ಲೇ ಚೌಕಾಸಿ ಮಾಡಿದರು. ಸಂಜೆ ಅವಳು ಎದ್ದು ಬೀದಿ ದೀಪದ ಕೆಳಗೆ ನಡೆದು ಬರುತ್ತಿದ್ದಳು. ಅಷ್ಟೊತ್ತಿಗೆ ದರ್ಜಿ ಗಂಡ ಅಂಗಡಿ ಮುಚ್ಚಿ ಬಂದು, ಅವಳು ಬಿಟ್ಟೆದ್ದ ಮಂಚಕ್ಕೆ ಒರಗುತ್ತಿದ್ದ. ವಾರಗಳು ಕಳೆದವು, ತಲೆನೋವು ಜಪ್ಪಯ್ಯ ಅನ್ನಲಿಲ್ಲ.

ಈ ನಡುವೆ ಸೂಪರ್‌ವೈಸರ್ ಫೋನ್ ಮಾಡಿ, ತಿಂಗಳ ಕೊನೆಯೊಳಗೆ ಕೆಲಸಕ್ಕೆ ಬರಬಹುದೆಂಬ ಡಾಕ್ಟರ ಚೀಟಿ ಬಾರದಿದ್ದರೆ ಕ್ರೇನಿನಲ್ಲಿ ಅವಳ ಸೀಟು ಬೇರೆಯವರ ಪಾಲು ಎಂದ. ಹಗಲಿನ ಸೀಟು ಒಂದೂ ಖಾಲಿ ಇರಲಿಲ್ಲ.

ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಬೆಳಕಿನಲ್ಲಿ ಓಡಾಡುತ್ತೀರಾ ಎಂದು ವಿಚಾರಿಸಿದರು. ಉತ್ತರ ಕೊಟ್ಟಿದ್ದು ಅತ್ತೆ, ಅದೂ ಹೆಮ್ಮೆಯಿಂದ.

"ಬೆಳಕಾ? ನಾನಿರೋವಾಗ ಒಂದು ಎಳೆ ಒಳಗೆ ಬರಲಿ ನೋಡೋಣ. ಸಂಜೆ ದೀಪ ಹಾಕಿದ ಮೇಲೇ ಇವಳು ಏಳೋದು."

ಡಾಕ್ಟರು ಪೆನ್ನು ಕೆಳಗಿಟ್ಟರು. ಯಾವ ಪಾಳಿ ಎಂದು ತಾವೇ ಕೇಳಬೇಕಿತ್ತು ಅಂದರು. ಮೈಯ ಗಡಿಯಾರಕ್ಕೆ ಹೊತ್ತು ತೋರಿಸುವುದು ಬಿಸಿಲು. ಹಗಲು ಕದ್ದು ಮಾಡುವ ತುಂಡು ನಿದ್ದೆ ಪೆಟ್ಟು ತಿಂದ ಮಿದುಳಿಗೆ ಸಾಲದು. ರಜೆ ಇದೆಯಲ್ಲ, ರಾತ್ರಿ ಮಲಗಿ, ಬೆಳಿಗ್ಗೆ ಎದ್ದು ಬಿಸಿಲಿಗೆ ಹೋಗಿ ಎಂದರು.

ಹೇಳಿದಷ್ಟು ಸುಲಭವಾಗಿರಲಿಲ್ಲ. ರಾತ್ರಿ ಕಣ್ಣು ಪಿಳಿಪಿಳಿ, ಹಗಲು ತೂಕಡಿಕೆ. ಮಗ್ಗುಲು ಬದಲಿಸಿ ಬದಲಿಸಿ ಹಾಸಿಗೆ ಮುದ್ದೆಯಾಗುತ್ತಿತ್ತು. ಬೆರಳುಗಳು ಅಲ್ಲಿಲ್ಲದ ಕ್ರೇನಿನ ಸನ್ನೆಗೋಲನ್ನು ಹುಡುಕುತ್ತಿದ್ದವು.

"ನೀವು ಹೀಗೆ ಗೊರಕೆ ಹೊಡೀತೀರಂತ ಇಷ್ಟು ವರ್ಷಕ್ಕೆ ಗೊತ್ತಾಯ್ತು," ಅಂದಳು ಗಂಡನಿಗೆ.

"ನೀನು ಒದೀತೀಯಂತ ನನಗೂ ಈಗಲೇ ಗೊತ್ತಾಗಿದ್ದು."

ಅತ್ತೆ ದಿನಾ ಬೆಳಿಗ್ಗೆ ಹೊದಿಕೆ ಕಿತ್ತು ಅವಳನ್ನು ಬೀದಿಗೆ ಅಟ್ಟುತ್ತಿದ್ದರು. ನಿದ್ದೆ ಮೆಲ್ಲಗೆ ಹತ್ತಿತು, ತೇಲುತ್ತಿದ್ದ ಗೋಡೆ ನಿಂತಿತು. ತಿಂಗಳ ಕೊನೆ ಹತ್ತಿರವಾದಾಗ ಅವಳಿಗೆ ತಡೆಯಲಾಗಲಿಲ್ಲ. ರಾತ್ರಿ ಪಾಳಿ ತಡೆದೀತೇ ಎಂದು, ಯಾರಿಗೂ ಹೇಳದೆ ಒಂದು ರಾತ್ರಿ ಪೂರ್ತಿ ಎಚ್ಚರವಿದ್ದು ನೋಡಿದಳು. ಮರುದಿನ ಗೋಡೆ ಮತ್ತೆ ತೇಲಿತು.

ಕೊನೆಯ ತಪಾಸಣೆಯಲ್ಲಿ ನೇರ ಗೆರೆಯ ಮೇಲೆ ನಡೆದಳು, ಒಂಟಿ ಕಾಲಲ್ಲಿ ನಿಂತಳು. ಎಲ್ಲ ಸರಿ. ರಾತ್ರಿ ಪಾಳಿ ತಡೆಯುತ್ತದಾ ಎಂದು ಡಾಕ್ಟರು ಕೇಳಿದರು. ಹೂಂ ಎಂದರೆ ಮುಗಿಯಿತು, ಸೀಟು ಅವಳದೇ. ಆದರೆ ಕ್ರೇನಿನ ಎತ್ತರದಲ್ಲಿ ಕೂತವಳ ಕಣ್ಣ ಮುಂದೆ ಅಂಗಳ ತೇಲಿದರೆ? ತೂಗಾಡುವ ಕಂಟೇನರ್ ಪೆಟ್ಟಿಗೆಯ ಕೆಳಗೆ ಜನ ಇರುತ್ತಾರೆ.

"ಒಂದು ರಾತ್ರಿ ಎದ್ದಿದ್ದು ನೋಡಿದೆ ಡಾಕ್ಟ್ರೇ. ತಡೆಯಲಿಲ್ಲ."

ಅತ್ತೆ ಬಾಯಿ ತೆರೆದು ಸೊಸೆಯನ್ನೇ ನೋಡಿದರು. ಸದ್ಯಕ್ಕೆ ಹಗಲು ಮಾತ್ರ, ನೆಲದ ಮೇಲೆ ಮಾತ್ರ ಎಂದು ಡಾಕ್ಟರು ಬರೆದರು.

ಅವಳ ಸೀಟು ಬೇರೆಯವರ ಪಾಲಾಯಿತು. ಸೂಪರ್‌ವೈಸರ್ ಅವಳಿಗೆ ವಾಕಿಟಾಕಿ ಕೊಟ್ಟು ಕ್ರೇನಿನ ಕೆಳಗೆ ನಿಲ್ಲಿಸಿದ. ಪೆಟ್ಟಿಗೆ ಎಲ್ಲಿಗೆ ಇಳಿಯಬೇಕೆಂದು ಮೇಲಿನವನಿಗೆ ಹೇಳುವ ಕೆಲಸ. ಮೊದಲ ಬೆಳಿಗ್ಗೆ ಬಿಸಿಲು ನೇರ ಮುಖಕ್ಕೆ ಬಡಿಯುತ್ತಿತ್ತು. ಅವಳದೇ ಕ್ರೇನಿನ ಹಗಲಿನ ಚಾಲಕ ಎಡಕ್ಕೆ ಎಳೆದರೆ ಅವಳ ಮೊಣಕೈ ತಾನಾಗಿ ಎಡಕ್ಕೆ ಹೋಗುತ್ತಿತ್ತು.

"ಏನಕ್ಕಾ, ಕೆಳಗಿಂದಲೇ ಓಡಿಸ್ತಿದ್ದೀಯಾ?" ಅಂದ ಅವನು ಮೇಲಿನಿಂದ, ವಾಕಿಟಾಕಿಯಲ್ಲಿ.

"ಬಾಯಿ ಮುಚ್ಕೊಂಡು ಇಳಿಸಪ್ಪ," ಅಂದಳು.

ಅವನು ಇಳಿಸಿದ, ಪೆಟ್ಟಿಗೆ ಒಂದು ಗೇಣು ಓರೆಯಾಗಿ ಕೂತಿತು. ಎತ್ತಿ ಮತ್ತೆ ಇಡು ಎಂದಳು.